ಆರರ ದನಿ, ನಾಲ್ಕರ ಲೆಕ್ಕ

ಪ್ರಶ್ನೆ

ಮೇಷ್ಟ್ರೇ, ನಾನು ಶಿವಮೊಗ್ಗದವನು, ವಯಸ್ಸು ನಲವತ್ತಮೂರು. 2012ರಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಒಂದು ಊರಿನಲ್ಲಿದ್ದೇನೆ. ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಗಳಿಗೆ ಹತ್ತು ವರ್ಷ.

ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಸುರಂಗದ ರಸ್ತೆಯಲ್ಲಿ ನಮ್ಮ ಬಸ್ಸಿನ ಪಕ್ಕಕ್ಕೆ ಪೋರ್ಷೆಯ ಬಾಕ್ಸ್‌ಸ್ಟರ್ ಕಾರೊಂದು ಬಂತು. ಟಾಪು ತೆರೆದಿತ್ತು. ಆ ಎಂಜಿನ್ನಿನ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಮುಂದೊಂದು ದಿನ ಇದನ್ನು ಕೊಂಡೇ ಕೊಳ್ಳುತ್ತೇನೆ ಅಂದುಕೊಂಡೆ. ಆಮೇಲೆ ಅಪ್ಪನ ಆಪರೇಷನ್, ತಂಗಿಯ ಮದುವೆ, ಇಲ್ಲಿನ ಫ್ಲಾಟಿನ ಸಾಲ ಒಂದರ ಹಿಂದೆ ಒಂದು ಬಂದವು. 2016ರಲ್ಲಿ ಕಂಪನಿ ಆ ಆರು ಸಿಲಿಂಡರ್ ಎಂಜಿನ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಕೂರಿಸಿತು. ಕೆಲವು ವರ್ಷದ ಮೇಲೆ ಆರು ಸಿಲಿಂಡರ್ ಮತ್ತೆ ಬಂದರೂ ಬೆಲೆ ನನ್ನ ಕೈಗೆ ಎಟುಕದಷ್ಟು ಮೇಲಿತ್ತು. 2024ರಲ್ಲಿ ಯುರೋಪಿನಲ್ಲಿ ಪೆಟ್ರೋಲ್ ಬಾಕ್ಸ್‌ಸ್ಟರ್ ಮಾರಾಟ ನಿಂತಿತು. 2025ರಲ್ಲಿ ತಯಾರಿಕೆಯೇ ನಿಂತಿತು.

ಕೈಯಲ್ಲಿ ಸುಮಾರು 50 ಸಾವಿರ ಯೂರೊ ಉಳಿತಾಯವಿದೆ. ಸೆಕೆಂಡ್ ಹ್ಯಾಂಡ್ ನಾಲ್ಕು ಸಿಲಿಂಡರಿನದು ಅದರಲ್ಲಿ ಬರುತ್ತದೆ. 4.0 ಲೀಟರಿನ ಆರು ಸಿಲಿಂಡರ್ ಬೇಕೆಂದರೆ ಹತ್ತಿರ ಹತ್ತಿರ ಅಷ್ಟೇ ಹಣ ಮತ್ತೆ ಬೇಕು. ಅಪ್ಪ ತೀರಿಕೊಂಡ ಮೇಲೆ ವಿನೋಬನಗರದ ಸೈಟು ಮಾರಿ ಬಂದ ಹಣ ಬ್ಯಾಂಕಿನಲ್ಲಿದೆ. ಅಮ್ಮನಿಗೆ ಮಂಡಿ ನೋವು, ಮಹಡಿ ಹತ್ತಲಾರಳು. ಕೆಳಗೆ ಎರಡು ರೂಮು, ಬಚ್ಚಲು ಕಟ್ಟಿಸಬೇಕೆಂದು ಇಟ್ಟಿದ್ದು. ಅದನ್ನು ಈಗ ಬಳಸಿಕೊಂಡು ಮೂರು ವರ್ಷದಲ್ಲಿ ತುಂಬಿಸಿಬಿಡಲೇ ಎಂಬ ಯೋಚನೆ. ಈಗ ಬಿಟ್ಟರೆ ಇನ್ನು ಸಿಗುವುದಿಲ್ಲ ಎಂಬ ಭಯ. ಹೆಂಡತಿ ‘ನಾಲ್ಕು ಸಿಲಿಂಡರಿನದೇ ತಗೊಳ್ಳಿ, ಆಸೆ ತೀರಲಿ’ ಅನ್ನುತ್ತಾಳೆ. ಸ್ನೇಹಿತನೊಬ್ಬ ‘ನಾಲ್ಕು ಸಿಲಿಂಡರಿನದು ಪೋರ್ಷೆಯೇ ಅಲ್ಲ’ ಅನ್ನುತ್ತಾನೆ. ಒಂದು ಎಂಜಿನ್ನಿಗಾಗಿ ರಾತ್ರಿ ನಿದ್ದೆ ಬಿಡುವುದಕ್ಕೆ ನಾಚಿಕೆಯೂ ಆಗುತ್ತದೆ. ಏನು ಮಾಡಲಿ?

— ಹೆಸರು ಬೇಡ, ಸ್ಟುಟ್‌ಗಾರ್ಟ್ ಸಮೀಪ

ಉತ್ತರ

ಸೈಟಿನ ಹಣದ ಮಾತು ಮೊದಲು ಮುಗಿಸೋಣ. ಅದನ್ನು ಮುಟ್ಟಬೇಡಿ. ಮೂರು ವರ್ಷದಲ್ಲಿ ತುಂಬಿಸುತ್ತೇನೆ ಎಂದಿದ್ದೀರಿ, ತುಂಬಿಸುತ್ತೀರಿ ಎಂದೇ ನಂಬುತ್ತೇನೆ. ಆದರೆ ಆ ಮೂರು ವರ್ಷ ಮಹಡಿ ಹತ್ತಿ ಇಳಿಯುವವರು ನಿಮ್ಮ ತಾಯಿ. ಮಂಡಿ ನೋವಿನವರು ಬಚ್ಚಲಿಗೆ ಹೋಗುವಾಗ ಒಮ್ಮೆ ಜಾರಿದರೆ ಯಾವ ಕಾರನ್ನೂ ನೀವು ನೆಮ್ಮದಿಯಿಂದ ಓಡಿಸಲಾರಿರಿ. ಅಲ್ಲದೆ ನಿಮ್ಮ ಸುತ್ತಿನ ಬಿಡಿಭಾಗದ ದೊಡ್ಡ ಕಂಪನಿಗಳು ಎರಡು ಮೂರು ವರ್ಷದಿಂದ ಸಾವಿರಗಟ್ಟಲೆ ಹುದ್ದೆ ಕಡಿತ ಪ್ರಕಟಿಸುತ್ತಲೇ ಇವೆ. ನಿಮ್ಮ ಕೆಲಸ ಗಟ್ಟಿಯಾಗಿರಲಿ ಎಂದೇ ಹಾರೈಸುತ್ತೇನೆ. ಆದರೂ ಇಂಥ ಕಾಲದಲ್ಲಿ ಎರಡು ಸೀಟಿನ ಕಾರಿಗೆ ಸಾಲ ಮಾಡಬೇಡಿ, ತಾಯಿಯ ಹಣ ತೆಗೆಯಬೇಡಿ. ಈ ತಿಂಗಳೇ ಮೇಸ್ತ್ರಿಯನ್ನು ಮಾತಾಡಿಸಿ ರೂಮಿನ ಕೆಲಸ ಶುರು ಮಾಡಿಸಿ. ಆ ಹಣ ಬ್ಯಾಂಕಿನಲ್ಲಿ ಕೂತಿರುವಷ್ಟು ದಿನ ನಿಮ್ಮ ಮನಸ್ಸು ಅದರ ಸುತ್ತಲೇ ಸುತ್ತುತ್ತಿರುತ್ತದೆ.

ಇನ್ನು ನಾಚಿಕೆಯ ಮಾತು. ಅದನ್ನು ಬಿಟ್ಟುಬಿಡಿ. ಮೂವತ್ತು ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಜಿನ್ ಪಾಠ ಹೇಳಿದವನು ನಾನು. ನೀವು ಸುರಂಗದಲ್ಲಿ ಕೇಳಿದ್ದು ಭ್ರಮೆಯಲ್ಲ. ಆ ದನಿಗೆ ಯಂತ್ರಶಾಸ್ತ್ರದ ಕಾರಣವಿದೆ. ಅದನ್ನು ಬಿಡಿಸಿ ಹೇಳಿದರೆ ನಿಮಗೆ ಬೇಕಾದದ್ದು ಯಾವುದು ಎಂಬುದೂ ಸ್ಪಷ್ಟವಾಗುತ್ತದೆ.

ಪೋರ್ಷೆಯ ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ನಿಂತಿರುವುದಿಲ್ಲ, ಮಲಗಿರುತ್ತವೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತವೆ. ಒಂದರ ಎಳೆತವನ್ನು ಇನ್ನೊಂದು ಕಳೆಯುವುದರಿಂದ ಈ ಎಂಜಿನ್ನಿಗೆ ನಡುಕವೇ ಕಡಿಮೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಬರುವಷ್ಟರಲ್ಲಿ ಆರೂ ಸಿಲಿಂಡರುಗಳು ಒಂದೊಂದು ಸಲ ಸಿಡಿಯಬೇಕು. ಅಂದರೆ ಪ್ರತಿ 120 ಡಿಗ್ರಿಗೆ ಒಂದು ಸಿಡಿತ. ಅದೂ ಎಡ, ಬಲ, ಎಡ, ಬಲ ಎಂದು ಸರದಿಯಂತೆ. ಒಂದೇ ಒರಳಿಗೆ ಮೂವರು ಒನಕೆ ಹಾಕುವಾಗ ಒಬ್ಬರದು ಏಳುವಷ್ಟರಲ್ಲಿ ಇನ್ನೊಬ್ಬರದು ತಾಳ ತಪ್ಪದೆ ಬೀಳುತ್ತದಲ್ಲ, ಪ್ರತಿ ಬದಿಯ ಹೊಗೆಕೊಳವೆಯಲ್ಲಿ ಆಗುವುದೂ ಅದೇ. ಎಂಜಿನ್ ವೇಗ ಏರಿದಂತೆ ಆ ಪೆಟ್ಟುಗಳು ಒಂದಕ್ಕೊಂದು ಕೂಡಿಕೊಂಡು ಎಳೆದ ಸ್ವರವಾಗುತ್ತವೆ.

ನಾಲ್ಕು ಸಿಲಿಂಡರಿನ ಮಲಗಿದ ಎಂಜಿನ್ನಿನಲ್ಲಿ ಸಿಡಿತಗಳ ನಡುವೆ 180 ಡಿಗ್ರಿ ಅಂತರ. ಜೊತೆಗೆ ಒಂದು ಬದಿಯ ಎರಡೂ ಸಿಲಿಂಡರುಗಳು ಬೆನ್ನುಬೆನ್ನಿಗೆ ಸಿಡಿದು, ಆಮೇಲೆ ಆ ಬದಿ ಬಹಳ ಹೊತ್ತು ಸುಮ್ಮನಿರುತ್ತದೆ. ಹಾಗಾಗಿ ಸ್ವರ ಒಡೆದು ಗುಡುಗುಡು ಆಗುತ್ತದೆ. ಅದರ ಮೇಲೆ ಟರ್ಬೊ. ಹೊರಹೋಗುವ ಹೊಗೆಯ ಬಲದಿಂದಲೇ ಟರ್ಬೊದ ಚಕ್ರ ತಿರುಗುವುದು. ಆ ಬಲದ ಜೊತೆ ದನಿಯ ಒಂದು ಪಾಲೂ ಅಲ್ಲೇ ಕರಗಿಹೋಗುತ್ತದೆ. ನಿಮ್ಮ ಕಿವಿಗೆ ಕೊರತೆ ಎನ್ನಿಸಿದ್ದು ಇದೇ. 2016ರಲ್ಲಿ ಆ ಕಾರು ಓಡಿಸಿ ನೋಡಿ ಬರೆದವರಲ್ಲಿ ಹೆಚ್ಚಿನವರು ಗುರುತಿಸಿದ್ದೂ ಇದನ್ನೇ.

ಹಾಗಿದ್ದರೆ ಕಂಪನಿ ಯಾಕೆ ಹೀಗೆ ಮಾಡಿತು? ನಿಮ್ಮ ಪತ್ರದಲ್ಲಿ ಮೋಸ ಹೋದವರ ನೋವಿದೆ. ಕಾರಣ ತಿಳಿದರೆ ಅದು ಸ್ವಲ್ಪ ಇಳಿಯಬಹುದು.

ಎರಡು ಕಡೆಯಿಂದ ಒತ್ತಡ ಬಂತು. ಒಂದು ಯುರೋಪಿನ ಹೊಗೆಯ ನಿಯಮ. ಕಂಪನಿ ಮಾರುವ ಹೊಸ ಕಾರುಗಳ ಸರಾಸರಿ ಇಂಗಾಲದ ಡೈ ಆಕ್ಸೈಡ್ ಕಿಲೋಮೀಟರಿಗೆ 130 ಗ್ರಾಂ ಮೀರಬಾರದು ಎಂಬುದು 2015ರ ಗುರಿ. ಮುಂದಿನ ಗುರಿ 95 ಗ್ರಾಂ. ಮೀರಿದರೆ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೊ ದಂಡ. ಪೋರ್ಷೆ ಇರುವುದು ಫೋಕ್ಸ್‌ವ್ಯಾಗನ್ ಸಮೂಹದೊಳಗೆ, ಲೆಕ್ಕ ಇಡೀ ಸಮೂಹದ್ದು. ಆದರೂ ಮನೆಯೊಳಗೆ ಎಲ್ಲರೂ ತಮ್ಮ ತಮ್ಮ ಪಾಲು ಕಡಿಮೆ ಮಾಡಬೇಕಿತ್ತು.

ಇನ್ನೊಂದರ ಬಗ್ಗೆ ಜನ ಅಷ್ಟು ಮಾತಾಡುವುದಿಲ್ಲ, ನನಗೆ ಮಾತ್ರ ಅದು ಬಹಳ ಮುಖ್ಯ ಅನ್ನಿಸುತ್ತದೆ. ಅದು ಚೀನಾದ ತೆರಿಗೆ. 2015ರಲ್ಲಿ ಪೋರ್ಷೆಗೆ ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ ಚೀನಾ. ಅಲ್ಲಿ ಕಾರಿನ ಬಳಕೆ ತೆರಿಗೆ ಎಂಜಿನ್ನಿನ ಗಾತ್ರ ನೋಡಿ ಏರುತ್ತದೆ. 2.0 ಲೀಟರ್‌ವರೆಗೆ ಶೇ. 5, 2.5ರವರೆಗೆ ಶೇ. 9, 3.0ರವರೆಗೆ ಶೇ. 12, ಅಲ್ಲಿಂದ 4.0ರವರೆಗೆ ಒಮ್ಮೆಲೇ ಶೇ. 25. ಈಗ ಎಂಜಿನ್ನುಗಳನ್ನು ನೋಡಿ. ಹಳೆಯ ಬಾಕ್ಸ್‌ಸ್ಟರಿನದು 2.7 ಲೀಟರ್, ಬಾಕ್ಸ್‌ಸ್ಟರ್ ಎಸ್‌ನದು 3.4. ಹೊಸ ನಾಲ್ಕು ಸಿಲಿಂಡರುಗಳು 2.0 ಮತ್ತು 2.5. ಎರಡೂ ತೆರಿಗೆಯ ಗೆರೆಯ ಕೆಳಗೆ ಸರಿಯಾಗಿ ಕೂತಿವೆ. ನಮ್ಮಲ್ಲಿ 1200 ಸಿಸಿ ಪೆಟ್ರೋಲ್, 1500 ಸಿಸಿ ಡೀಸೆಲ್, ನಾಲ್ಕು ಮೀಟರ್ ಉದ್ದ ಎಂಬ ತೆರಿಗೆಯ ಗೆರೆ ಎಳೆದದ್ದರಿಂದ ಎಷ್ಟು ಕಾರುಗಳ ಹಿಂಭಾಗ ಮೊಟಕಾಯಿತು, ಎಷ್ಟು ಎಂಜಿನ್ನುಗಳು 1197, 1199 ಸಿಸಿಯಲ್ಲಿ ನಿಂತವು ಎಂಬುದನ್ನು ನೀವೇ ನೋಡಿದ್ದೀರಿ. ಕಾರಿನ ಎಂಜಿನ್ ಎಷ್ಟು ದೊಡ್ಡದಿರಬೇಕೆಂದು ಓಡಿಸುವವನ ಕಿವಿಯಾಗಲಿ, ವಿನ್ಯಾಸ ಮಾಡುವವನ ಮೇಜಾಗಲಿ ಮಾತ್ರ ತೀರ್ಮಾನಿಸುವುದಿಲ್ಲ. ಎಲ್ಲೋ ದೂರದ ದೇಶದ ತೆರಿಗೆ ಪಟ್ಟಿಗೂ ಅದರಲ್ಲಿ ಕೈಯಿದೆ.

ನಾಲ್ಕು ಸಿಲಿಂಡರಿಗೂ ನ್ಯಾಯ ಸಲ್ಲಬೇಕು. ಹಳೆಯ 2.7 ಲೀಟರಿನ ಬಾಕ್ಸ್‌ಸ್ಟರಿಗೆ 265 ಅಶ್ವಶಕ್ತಿ, ಅದರ ಪೂರ್ಣ ಬಲ ಕೈಗೆ ಬರುವುದು 6700 ಆರ್‌ಪಿಎಂ ತಲುಪಿದಾಗ. ಹೊಸ 2.0 ಟರ್ಬೊಗೆ 300 ಅಶ್ವಶಕ್ತಿ. ಅದಕ್ಕಿಂತ ಮುಖ್ಯವಾಗಿ, ಅದರ ಎಳೆಯುವ ಬಲ 280ರಿಂದ 380 ನ್ಯೂಟನ್ ಮೀಟರಿಗೆ ಏರಿತು, ಅದೂ 2000 ಆರ್‌ಪಿಎಂ ಮುಟ್ಟುವ ಮೊದಲೇ ಪೂರ್ತಿ ಸಿಗುತ್ತದೆ. ಏರುದಾರಿಯಲ್ಲಿ, ಲಾರಿ ಹಿಂದಿಕ್ಕುವಾಗ, ಪಿಕಪ್‌ನಲ್ಲಿ ಹೊಸದೇ ಮುಂದೆ. ಬ್ರೇಕು, ಸ್ಟೇರಿಂಗು, ತಿರುವಿನಲ್ಲಿ ನೆಲ ಕಚ್ಚಿ ನಿಲ್ಲುವ ಗುಣ ಎಲ್ಲವೂ ಒಂದು ಮೆಟ್ಟಿಲು ಮೇಲೆಯೇ.

ನಿಮ್ಮ ಸ್ನೇಹಿತರ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಪೋರ್ಷೆ ಹೆಸರಿನ ಮೊದಲ ಕಾರು 356 ನಾಲ್ಕು ಸಿಲಿಂಡರಿನದು. 1965ರಲ್ಲಿ 911ರ ಮೈಯೊಳಗೆ ನಾಲ್ಕು ಸಿಲಿಂಡರ್ ಇಟ್ಟು 912 ಎಂದು ಮಾರಿದರು, ಮೊದಮೊದಲು ಅದೇ 911ಕ್ಕಿಂತ ಹೆಚ್ಚು ಹೋಯಿತು. ಹೊಸ ಬಾಕ್ಸ್‌ಸ್ಟರಿಗೆ ಇಟ್ಟ 718 ಎಂಬ ಸಂಖ್ಯೆ 1957ರ ರೇಸ್ ಕಾರಿನದು. ಅದೂ ನಾಲ್ಕು ಸಿಲಿಂಡರೇ. ಸಿಸಿಲಿ ದ್ವೀಪದ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ರೇಸನ್ನು ಅದು 1959ರಲ್ಲೂ 1960ರಲ್ಲೂ ಗೆದ್ದಿತ್ತು. ಇದನ್ನೆಲ್ಲ ಕಂಪನಿ ಆಗ ಹೆಮ್ಮೆಯಿಂದ ಹೇಳಿಕೊಂಡಿತು. ಆದರೆ ಅಜ್ಜನ ಕಾಲದ ಗೆಲುವಿನಿಂದ ಮೊಮ್ಮಗನ ಎಂಜಿನ್ನಿಗೆ ಸ್ವರ ಬರುವುದಿಲ್ಲ. ಸ್ನೇಹಿತರು ಹೇಳಿದ್ದು ತಪ್ಪು, ನಿಮ್ಮ ಕಿವಿ ಹೇಳುತ್ತಿರುವುದು ಸರಿ. ಎರಡೂ ಒಟ್ಟಿಗೆ ನಿಜವಾಗಿರಬಹುದು.

ನನಗೆ ನಿಜಕ್ಕೂ ಬೇಸರ ತರಿಸಿದ್ದು 2016ರಲ್ಲಿ ನಡೆದದ್ದಲ್ಲ, ಆಮೇಲೆ ನಡೆದದ್ದು. 2019ರಲ್ಲಿ ಕಂಪನಿ 718 ಸ್ಪೈಡರ್ ಮತ್ತು ಕೇಮನ್ ಜಿಟಿ4 ಕಾರುಗಳಲ್ಲಿ ಟರ್ಬೊ ಇಲ್ಲದ 4.0 ಲೀಟರಿನ ಆರು ಸಿಲಿಂಡರನ್ನು ಮರಳಿ ತಂದಿತು. 420 ಅಶ್ವಶಕ್ತಿ, 8000 ಆರ್‌ಪಿಎಂವರೆಗೆ ಏರುವ ಎಂಜಿನ್. 2020ರ ಆರಂಭದಲ್ಲಿ ಅದನ್ನೇ 400 ಅಶ್ವಶಕ್ತಿಗೆ ಇಳಿಸಿ ಜಿಟಿಎಸ್ 4.0ರಲ್ಲಿ ಕೊಟ್ಟಿತು. ಅಂದರೆ ಆರು ಸಿಲಿಂಡರನ್ನು ನಿಯಮದೊಳಗೆ ಕೂರಿಸುವುದು ಅಸಾಧ್ಯವೇನಾಗಿರಲಿಲ್ಲ. ಹೊಗೆಯ ಕಣ ಹಿಡಿಯುವ ಫಿಲ್ಟರ್ ಹಾಕಿದರು. ಎಂಜಿನ್ನಿನ ಮೇಲೆ ಭಾರ ಕಡಿಮೆಯಿದ್ದಾಗ ಒಂದು ಬದಿಯ ಮೂರು ಸಿಲಿಂಡರ್ ತಾವಾಗಿ ಸುಮ್ಮನಾಗುವ ಏರ್ಪಾಡು ಮಾಡಿದರು. ಒಳ್ಳೆಯ ಎಂಜಿನಿಯರಿಂಗ್, ತರಗತಿಯಲ್ಲಿ ಪಾಠ ಮಾಡಬಹುದಾದಷ್ಟು ಒಳ್ಳೆಯದು. ಆದರೆ ಅದನ್ನು ಏಣಿಯ ತುದಿಯಲ್ಲಿಟ್ಟು ಕೆಳಗಿನ ಮೆಟ್ಟಿಲಲ್ಲಿ ನಾಲ್ಕನ್ನೇ ಉಳಿಸಿದರು.

1996ರಲ್ಲಿ ಬಾಕ್ಸ್‌ಸ್ಟರ್ ಹುಟ್ಟಿದಾಗ ಅದರ ಅತಿ ಕಡಿಮೆ ಬೆಲೆಯ ಮಾದರಿಯಲ್ಲೂ ಆರು ಸಿಲಿಂಡರ್ ಇತ್ತು, 2.5 ಲೀಟರ್, 204 ಅಶ್ವಶಕ್ತಿ. ಕಂಪನಿ ಕಷ್ಟದಲ್ಲಿದ್ದ ಕಾಲ ಅದು, ಅದರಿಂದ ಕೈಹಿಡಿದು ದಾಟಿಸಿದ ಕಾರುಗಳಲ್ಲಿ ಇದೂ ಒಂದು. ತಿಂಗಳ ಸಂಬಳದಲ್ಲಿ ಉಳಿಸಿ ಉಳಿಸಿ ಕೊಳ್ಳುವವನಿಗೂ 911ರ ಎಂಜಿನ್ನಿನ ಬಳಗದ ಒಂದು ಎಂಜಿನ್ ಸಿಗುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು. 2016ರ ನಂತರ ಆ ದನಿ ಮೇಲಿನವರಿಗೆ ಮಾತ್ರ. ನಿಮ್ಮಂಥವರಿಂದ ತೆಗೆದದ್ದು ಎಂಜಿನ್ನಿನ ಆಯ್ಕೆಯನ್ನಷ್ಟೇ ಅಲ್ಲ, ಕೆಳಗಿನ ಮೆಟ್ಟಿಲಿನವರೂ ಮೇಲಿನವರೂ ಒಂದೇ ದನಿ ಕೇಳುತ್ತಿದ್ದ ಆ ಸಮಾನತೆಯನ್ನು. ನಿಮ್ಮ ದುಃಖಕ್ಕೆ ಹುರುಳಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಇನ್ನು ಮುಂದೆಯೂ ದಾರಿ ಹಾಗೆಯೇ ಕಾಣುತ್ತದೆ. ಮುಂದಿನ 718 ಪೂರ್ತಿ ಎಲೆಕ್ಟ್ರಿಕ್ ಎಂದು 2022ರಲ್ಲಿ ಹೇಳಿದ್ದ ಕಂಪನಿ, 2025ರ ಸೆಪ್ಟೆಂಬರಿನಲ್ಲಿ ಮಾತು ಬದಲಿಸಿ ಮೇಲ್ದರ್ಜೆಯ ಮಾದರಿಗಳಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ ಎಂದಿತು. ಆ ಮೇಲ್ದರ್ಜೆ ನಿಮ್ಮ ಉಳಿತಾಯಕ್ಕೆ ನಿಲುಕುವುದಿಲ್ಲ. ಅದಕ್ಕೆಂದು ಕಾಯಬೇಡಿ.

2024ರ ಜುಲೈನಲ್ಲಿ ಬಾಕ್ಸ್‌ಸ್ಟರಿಗೆ ಯುರೋಪಿನ ಬಾಗಿಲು ಮುಚ್ಚಿಸಿದ್ದು ಹೊಗೆಯ ನಿಯಮವಲ್ಲ ಎಂಬುದು ನಿಮ್ಮ ವೃತ್ತಿಯವರಿಗೆ ಗೊತ್ತೇ ಇರುತ್ತದೆ. ವಾಹನದ ಸಾಫ್ಟ್‌ವೇರಿಗೆ ಹೊರಗಿನವರು ನುಗ್ಗದಂತೆ ಕಾಯುವ ವಿಶ್ವಸಂಸ್ಥೆಯ ನಿಯಮ ಆಗ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಯಿತು. 718ರ ಒಳಗಿನ ವಿದ್ಯುತ್ ಜಾಲ ಹಳೆಯ ಕಾಲದ್ದು, ಅದನ್ನು ಪೂರ್ತಿ ಬದಲಿಸುವ ಖರ್ಚು ಕಂಪನಿಗೆ ಬೇಡವಾಯಿತು.

ಈಗ ನಿಮ್ಮ ಭಯದ ಮಾತು. ಈಗ ಬಿಟ್ಟರೆ ಇನ್ನಿಲ್ಲ ಎಂಬ ಭಯ.

ನಮ್ಮೂರುಗಳಲ್ಲಿ ಇದೇ ಭಯವನ್ನು ನಾನು ಆರ್‌ಎಕ್ಸ್ 100 ಬೈಕಿನ ವಿಷಯದಲ್ಲಿ ಕಂಡಿದ್ದೇನೆ. 1996ರಲ್ಲಿ ಆ ಬೈಕ್ ನಿಂತಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿ ಯೆಜ್ಡಿ ನಿಂತದ್ದೂ ಅದೇ ವರ್ಷ. ಆಮೇಲೆ ಟೂ ಸ್ಟ್ರೋಕ್ ಕಾಲವೇ ಮುಗಿಯಿತು. ಇವತ್ತು ಒಳ್ಳೆಯ ಆರ್‌ಎಕ್ಸ್ 100ಕ್ಕೆ ಹೊಸ ಬೈಕಿನ ಬೆಲೆ ಕೇಳುತ್ತಾರೆ. ಕೊಂಡವರಲ್ಲಿ ಎರಡು ಬಗೆ. ಆ ಬೈಕನ್ನು ದಿನಾ ಓಡಿಸಿ, ಪ್ಲಗ್ ಬಿಚ್ಚಿ ಒರೆಸಿ, ಬಿಡಿಭಾಗಕ್ಕೆ ಊರೂರು ಅಲೆದು ಬಾಳಿದವರು ಒಂದು ಬಗೆ. ಇನ್ನು ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಕೊಂಡು, ಗೀರು ಬಿದ್ದೀತೆಂದು ಮನೆಯೊಳಗೆ ಹೊದಿಕೆ ಹಾಕಿ ನಿಲ್ಲಿಸಿದವರು ಇನ್ನೊಂದು ಬಗೆ. ನೀವು ತಾಯಿಯ ಹಣ ಹಾಕಿ ಜಿಟಿಎಸ್ ತಂದರೆ ಎರಡನೆಯ ಬಗೆಯವರಾಗುತ್ತೀರಿ ಎಂದು ನನಗೆ ಅನ್ನಿಸುತ್ತದೆ. ಅಷ್ಟು ಬೆಲೆಯ ವಸ್ತುವನ್ನು ಮಳೆಯಲ್ಲಿ, ಉಪ್ಪು ಚೆಲ್ಲಿದ ರಸ್ತೆಯಲ್ಲಿ, ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಹೊರಗೆ ತೆಗೆಯಲು ನಿಮ್ಮ ಕೈ ಬಾರದು. ನೀವು ಬಯಸಿದ್ದು ಸುರಂಗದಲ್ಲಿ ಓಡುವ ಕಾರನ್ನು.

ಇದು ಹೂಡಿಕೆ, ಮುಂದೆ ಬೆಲೆ ಏರುತ್ತದೆ ಎಂಬ ಮಾತನ್ನು ದಯವಿಟ್ಟು ಹೆಂಡತಿಯ ಮುಂದೆ ಹೇಳಬೇಡಿ, ನಿಮಗೆ ನೀವೂ ಹೇಳಿಕೊಳ್ಳಬೇಡಿ. ಏರಬಹುದು. ಗಾಳಿಯಿಂದ ತಂಪಾಗುವ 911 ಎಂಜಿನ್ 1998ರಲ್ಲಿ ನಿಂತಾಗ, ನೀರು ಸುತ್ತುವ ಎಂಜಿನ್ನಿನ ಹೊಸ 911 ಅಸಲಿಯೇ ಅಲ್ಲ ಎಂದು ಜನ ಗದ್ದಲ ಎಬ್ಬಿಸಿದ್ದರು. ಆಮೇಲೆ ಗಾಳಿ ಎಂಜಿನ್ನಿನ ಕಾರುಗಳ ಬೆಲೆ ಗಗನಕ್ಕೇರಿದ್ದು ನಿಜ. ಆದರೆ ಆ ಏರಿಕೆಗೆ ವರ್ಷಗಟ್ಟಲೆ ಹಿಡಿಯಿತು, ಎಲ್ಲ ಮಾದರಿಗೂ ಆ ಭಾಗ್ಯ ಬರಲಿಲ್ಲ. ಆಸೆಯಿಂದ ಕೊಳ್ಳುವುದನ್ನು ಆಸೆಯಿಂದ ಎಂದೇ ಹೇಳಿ ಕೊಳ್ಳಿ. ‘ಆಸೆ ತೀರಲಿ’ ಎಂದ ಹೆಂಡತಿಗೆ ನಿಮ್ಮ ಆಸೆ ಅರ್ಥವಾಗಿದೆ. ಸಿಲಿಂಡರಿನ ಸಂಖ್ಯೆಯೊಂದೇ ಅವರಿಗೆ ಅರ್ಥವಾಗದ್ದು. ಒಮ್ಮೆ ಎರಡೂ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿ ಕರೆದೊಯ್ದರೆ ಅದೂ ಅರ್ಥವಾಗಬಹುದು.

ನಿಮ್ಮ ಪತ್ರದಲ್ಲಿ ನಾಲ್ಕು ಸಿಲಿಂಡರ್ ಟರ್ಬೊ, 4.0 ಜಿಟಿಎಸ್ ಎಂಬ ಎರಡೇ ದಾರಿ ಕಂಡವು. ಮೂರನೆಯದು ನಿಮ್ಮ ಕಣ್ಣ ಮುಂದೆಯೇ ಇದೆ. ನೀವು ಸುರಂಗದಲ್ಲಿ ಕೇಳಿದ ಕಾರು 2012ರ ಹೊತ್ತಿನದು. 981 ಎಂದು ಕರೆಯುವ ಆ ಪೀಳಿಗೆಯ ಬಾಕ್ಸ್‌ಸ್ಟರ್, ಅದರ ಅಣ್ಣತಮ್ಮನಾದ ಕೇಮನ್, 2012ರಿಂದ 2016ರವರೆಗೆ ಬಂದವು. ಅಲ್ಲಿ 2.7 ಇರಲಿ 3.4 ಇರಲಿ, ಟರ್ಬೊ ಇಲ್ಲದ ಆರು ಸಿಲಿಂಡರೇ. ನಿಮ್ಮ 50 ಸಾವಿರ ಯೂರೊದೊಳಗೆ ಚೆನ್ನಾಗಿ ನೋಡಿಕೊಂಡ 2.7 ಲೀಟರಿನ ಬಾಕ್ಸ್‌ಸ್ಟರ್ ಸಿಗಬೇಕು. ಸಿಕ್ಕಿದರೆ ರಿಪೇರಿಗೆಂದು ಒಂದಿಷ್ಟು ಹಣವನ್ನೂ ಉಳಿಸಿಕೊಳ್ಳಿ. 3.4ರ ಹಿಂದೆ ಬೀಳಬೇಡಿ. 2.7ಕ್ಕೆ ಬಲ ಕಡಿಮೆ ನಿಜ, ಆದರೆ ಊರ ರಸ್ತೆಯಲ್ಲಿ ಲೈಸೆನ್ಸಿಗೆ ಕುತ್ತು ಬಾರದಂತೆ ಎಂಜಿನ್ನನ್ನು ಮೇಲಿನ ಸ್ವರದವರೆಗೆ ಎಳೆಯುವ ಅವಕಾಶ ಅದರಲ್ಲೇ ಹೆಚ್ಚು.

ಆದರೂ ನನ್ನ ಮಾತು ಕೇಳಿ ನೇರ ಕೊಳ್ಳಲು ಹೋಗಬೇಡಿ. ಹದಿಮೂರು ವರ್ಷ ಮನಸ್ಸಿನಲ್ಲಿ ಬೆಳೆದ ದನಿ ಎದುರಿಗೆ ಬಂದಾಗ ಹಾಗೆಯೇ ಇರುತ್ತದೆ ಎಂದು ಹೇಳಲಾಗದು. ಮೊದಲು ನಾಲ್ಕು ಸಿಲಿಂಡರಿನದು, 981 ಎರಡನ್ನೂ ಬಾಡಿಗೆಗೆ ತಂದು ಓಡಿಸಿ. ಬಾಡೆನ್ ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್ ಕಡೆಗೆ ಕಪ್ಪು ಕಾಡಿನ ನೆತ್ತಿಯ ಮೇಲೆ ಹೋಗುವ ಬಿ 500 ರಸ್ತೆ ನಿಮಗೆ ದೂರವಲ್ಲ. ಅಲ್ಲಿ ಒಂದು ಸಲ ಓಡಿಸಿ. ಆದರೆ ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಆಫೀಸಿಗೆ ಹೋಗುವ ಸಿಗ್ನಲ್ಲುಗಳ ರಸ್ತೆಯಲ್ಲಿ ಓಡಿಸಿ. ನಿಮ್ಮ ಕಾರು ಬಾಳಿನ ಹೆಚ್ಚು ಹೊತ್ತನ್ನು ಕಳೆಯುವುದು ಅಲ್ಲೇ. ಅಲ್ಲಿ ಟರ್ಬೊದ ತಕ್ಷಣದ ಎಳೆತ ಹಿಡಿಸಿ, ದನಿ ಅಷ್ಟೇನೂ ಕಾಡದೇ ಹೋದರೆ ನಾಲ್ಕು ಸಿಲಿಂಡರನ್ನೇ ಕೊಳ್ಳಿ, ಯಾರ ಮಾತಿಗೂ ಕಿವಿಗೊಡಬೇಡಿ. ಬದಲಿಗೆ ಆರು ಸಿಲಿಂಡರ್ 5000 ದಾಟುವಾಗ ಮೈ ನವಿರೆದ್ದರೆ ನಿಮ್ಮ ಉತ್ತರ ನಿಮಗೇ ಸಿಕ್ಕಿತು.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಬರಲೇ ಇಲ್ಲ. ಇದು ಎರಡು ಸೀಟಿನ ಕಾರು, ಮನೆಯಲ್ಲಿರುವವರು ಮೂವರು. ಇದು ನಿಮ್ಮ ಒಂದೇ ಕಾರಾಗಲಾರದು. ಎರಡನೆಯ ಕಾರಿನ ಇನ್ಶೂರೆನ್ಸ್, ತೆರಿಗೆ, ನಿಲ್ಲಿಸಲು ಜಾಗ, ಚಳಿಗಾಲದ ಟೈರುಗಳ ಇನ್ನೊಂದು ಸೆಟ್ಟು ಎಲ್ಲವನ್ನೂ ಗಂಡ ಹೆಂಡತಿ ಕೂತು ಬರೆದು ನೋಡಿ. ನಿಮ್ಮಲ್ಲಿ ವರ್ಷದ ಕೆಲವು ತಿಂಗಳು ಮಾತ್ರ ಚಾಲ್ತಿಯಲ್ಲಿರುವ ನಂಬರ್ ಪ್ಲೇಟ್ ಸಿಗುತ್ತದೆ. ಮಾರ್ಚಿನಿಂದ ಅಕ್ಟೋಬರ್‌ವರೆಗೆ ಎಂದು ಬರೆಸಿದರೆ ತೆರಿಗೆಯೂ ಇನ್ಶೂರೆನ್ಸೂ ಅಷ್ಟೇ ತಿಂಗಳಿಗೆ, ಚಳಿಗಾಲದ ಟೈರೂ ಬೇಡ. ಉಳಿದ ತಿಂಗಳು ಕಾರನ್ನು ರಸ್ತೆಯ ಬದಿ ನಿಲ್ಲಿಸುವಂತಿಲ್ಲ, ಹಾಗಾಗಿ ಬಾಡಿಗೆಯ ಗ್ಯಾರೇಜಿನ ಲೆಕ್ಕ ಸೇರಿಸಿ. ಮಗಳನ್ನು ವಾರಕ್ಕೊಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ದಿನವನ್ನೂ ಆ ಲೆಕ್ಕದಲ್ಲೇ ಬರೆದುಕೊಳ್ಳಿ. ಇಲ್ಲವಾದರೆ ಅಪ್ಪ ಒಬ್ಬನೇ ಹೊರಗೆ ಹೋಗಿಬರುವ ಕಾರು ಅದಾಗುತ್ತದೆ.

ಕಾರು ನೋಡುವಾಗ ಗಮನಿಸಬೇಕಾದ ಕೆಲವು ಮಾತು, ನಿಮ್ಮ ಕಡೆ ಇರುವ ನನ್ನ ಹಳೆಯ ವಿದ್ಯಾರ್ಥಿಗಳು ತಿಳಿಸಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಬೆಲೆ ಇನ್ನೂ ಕಡಿಮೆಯೆಂದು 2009ಕ್ಕಿಂತ ಹಳೆಯ ಬಾಕ್ಸ್‌ಸ್ಟರಿಗೆ ಮನಸೋಲಬೇಡಿ. ಆ ಎಂಜಿನ್ನುಗಳೊಳಗೆ ಒಂದು ಮಧ್ಯದ ಶಾಫ್ಟಿದೆ. ಅದರ ಬೇರಿಂಗ್ ಹಾಳಾದರೆ ಇಡೀ ಎಂಜಿನ್ನೇ ಹೋದಂತೆ. 2009ರಿಂದ ಬಂದ ಎಂಜಿನ್ನುಗಳಲ್ಲಿ ಆ ಶಾಫ್ಟೇ ಇಲ್ಲ, 981ರಲ್ಲೂ ಇಲ್ಲ. ಸರ್ವಿಸ್ ಬುಕ್ ಪೂರ್ತಿ ಇರಬೇಕು. ಎಂಜಿನ್ ಕಂಪ್ಯೂಟರಿನೊಳಗೆ, ಮಿತಿ ಮೀರಿದ ಆರ್‌ಪಿಎಂನಲ್ಲಿ ಎಷ್ಟು ಸಲ ಸುತ್ತಿದೆ ಎಂಬ ದಾಖಲೆ ಉಳಿದಿರುತ್ತದೆ, ಅದನ್ನು ತೆಗೆಸಿ ನೋಡಿ. ಮ್ಯಾನುಯಲ್ ಗೇರಿನ ಕಾರಾದರೆ ಇದನ್ನು ತಪ್ಪಿಸಲೇಬೇಡಿ, ತಪ್ಪಾದ ಗೇರಿಗೆ ಇಳಿಸಿದ ಗುರುತು ಅಲ್ಲಿ ಸಿಕ್ಕಿಬೀಳುತ್ತದೆ. ಮುಂದಿನ ಬಂಪರಿನ ಎರಡು ಬದಿಯ ಜಾಲರಿಯೊಳಗೆ ಟಾರ್ಚು ಹಿಡಿದು ನೋಡಿ. ಒಣಗಿದ ಎಲೆ ತುಂಬಿ, ತೇವ ಕಟ್ಟಿ, ರೇಡಿಯೇಟರ್ ಮತ್ತು ಎಸಿಯ ಕಂಡೆನ್ಸರ್ ತುಕ್ಕು ಹಿಡಿಯುವುದು ಈ ಕಾರಿನ ಹಳೆಯ ಕಾಯಿಲೆ. ಟಾಪನ್ನು ನಾಲ್ಕೈದು ಸಲ ತೆರೆದು ಮುಚ್ಚಿಸಿ. ಖಾಸಗಿಯವರಿಂದ ಕೊಂಡರೆ ಬೆಲೆ ಇಳಿಯುತ್ತದೆ, ಆದರೆ ಆಮೇಲಿನ ಕೆಡುಕಿಗೆ ಸಾಮಾನ್ಯವಾಗಿ ಯಾರೂ ಹೊಣೆಯಲ್ಲ. ಡೀಲರ್ ಮಾರಿದರೆ ಹಳೆಯ ಕಾರಿಗೂ ಕನಿಷ್ಠ ಒಂದು ವರ್ಷದ ಹೊಣೆ ನಿಮ್ಮ ದೇಶದ ಕಾನೂನಿನಲ್ಲೇ ಇದೆ. ಮೊದಲ ಸಲ ಇಂಥ ಕಾರು ಕೊಳ್ಳುವ ನಿಮಗೆ ಆ ಹೆಚ್ಚಿನ ಬೆಲೆ ದಂಡವಲ್ಲ. ಕಂಪನಿಯ ಅಧಿಕೃತ ಡೀಲರ್ ಬಳಿ 111 ಅಂಶಗಳ ತಪಾಸಣೆಯಿದೆ. ಅದನ್ನು ಮಾಡಿಸಿದ ಕಾರಾದರೆ ವಾರಂಟಿ ಮುಂದುವರಿಸುವ ದಾರಿಯೂ ತೆರೆದಿರುತ್ತದೆ.

ಅವಸರ ಬೇಡ. 981 ಬೇಕಾದಷ್ಟು ತಯಾರಾಗಿವೆ, ಮುಂದಿನ ವಾರ ಮಾಯವಾಗುವ ವಸ್ತುವಲ್ಲ. ಟಾಪು ತೆರೆಯುವ ಕಾರಿಗೆ ಏಪ್ರಿಲ್ ಬಿಸಿಲಿನಲ್ಲಿ ಎಲ್ಲರೂ ಮುಗಿಬೀಳುತ್ತಾರೆ. ಅಷ್ಟರಲ್ಲಿ ಶಿವಮೊಗ್ಗದ ಕೆಲಸ ಮುಗಿಸಿ, ಬೇಸಿಗೆಯಲ್ಲಿ ಎರಡೂ ಕಾರು ಬಾಡಿಗೆಗೆ ತಂದು ಓಡಿಸಿ, ಲೆಕ್ಕದ ಹಾಳೆಗೆ ಹೆಂಡತಿಯ ಒಪ್ಪಿಗೆ ಪಡೆಯಿರಿ. ಕೊಳ್ಳಲು ನವೆಂಬರಿನಲ್ಲಿ ಹೊರಡಿ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ನಿಲ್ಲಿಸಿಕೊಳ್ಳಲು ಇಷ್ಟವಿಲ್ಲದ ಮಾರಾಟಗಾರರು ಆಗಲೇ ಮಾತಿಗೆ ಬಗ್ಗುವುದು.